ಬಿಲ್ಲುಗಾರ ಯಾವ ಕಡೆ ನೋಡುತ್ತಿದ್ದ

ನನ್ನ ಮಂಡಿ ಗಟ್ಟಿ, ಅದಕ್ಕೇ ನಮ್ಮೂರಿನ ಮಧ್ಯಸ್ಥಿಕೆ ನನಗೆ ಬಂತು. ಬುದ್ಧಿವಂತೆ ಅಂತ ಕೊಟ್ಟರು ಅಂದುಕೊಂಡೀರಿ. ಬುದ್ಧಿ ಇದ್ದೋಳು ಹಿಟ್ಟಿನ ಗಿರಣಿ ಇಟ್ಟುಕೊಂಡು ಮಿಷನ್ನಿನ ಸದ್ದಿಗಿಂತ ಜೋರಾಗಿ ದಿನವಿಡೀ ಕೂಗಾಡಿಕೊಂಡು ಇರುತ್ತಿದ್ದಳೇ? ಹಲಗೆ ಕಾಳಗದಲ್ಲಿ ಮಧ್ಯಸ್ಥರಾದವರು ಮಂಡಿಯೂರಿ, ಗದ್ದವನ್ನು ಹಲಗೆಗೆ ಊರಿ, ಬೆರಳುದ್ದದ ಮರದ ಸೈನಿಕನ ಎತ್ತರದಿಂದ ನೋಡಿ ತೀರ್ಪು ಹೇಳಬೇಕು. ಮೊದಲು ನಮ್ಮಪ್ಪ ಹೇಳುತ್ತಿದ್ದ. ಅವನ ಮಂಡಿ ಹೋದಮೇಲೆ ಊರ ಗಂಡಸರೆಲ್ಲ ಒಬ್ಬೊಬ್ಬರಾಗಿ ಕೂತು ನೋಡಿದರು. ಕೂತವರನ್ನು ಎಬ್ಬಿಸುವುದಕ್ಕೇ ನಾಲ್ಕು ಜನ ಬೇಕಾಯಿತು. ಕೊನೆಗೆ, "ಗಿರಣಿ ಚೆಲುವಮ್ಮ ಮೂಟೆ ಎತ್ತುತ್ತಾಳೆ, ಅವಳೇ ಆಗಲಿ ಬಿಡ್ರೋ" ಅಂದರು. ಹೆಣ್ಣು ಹೆಂಗಸು ಚಾವಡಿ ಹತ್ತಬಹುದೇ ಅಂತ ಒಂದಿಬ್ಬರು ಗೊಣಗಿದರು. ಹಾಗಾದರೆ ನೀವೇ ಬಗ್ಗಿ ಅಂದೆ. ಜಾಗಟೆ ತಂದು ಕೈಗೆ ಕೊಟ್ಟರು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ವರ್ಷಕ್ಕೊಂದು ಸಲ ಮೇಲ್ಬೀದಿಗೂ ಕೆಳಬೀದಿಗೂ ಚಾವಡಿಯ ದೊಡ್ಡ ಹಲಸಿನ ಮೇಜಿನ ಮೇಲೆ ಯುದ್ಧ. ಜೇಡಿಮಣ್ಣಿನ ಗುಡ್ಡ, ಇಟ್ಟಿಗೆ ಚೂರಿನ ಗೋಡೆ, ಹೊಳೆಗೆ ನೀಲಿ ದಾರ. ದಾಳ ಎಸೆದು ಸೈನಿಕರನ್ನು ನಡೆಸಬೇಕು, ಎದುರಿನವರ ದಂಡನಾಯಕನನ್ನು ಕೆಡವಿದವರು ಗೆದ್ದಂತೆ. ಕಟ್ಟಳೆಗಳನ್ನು ಮೇಜಿನ ಅಂಚಿನ ಸುತ್ತ ಯಾರೋ ಹಿಂದಿನವರು ಕೆತ್ತಿದ್ದಾರೆ. ಕೆತ್ತಿದವನು ಯಾರೋ, ಮಹಾ ಜಿಪುಣ. 'ಕಂಡವನಿಗೆ ಬಾಣ ಬಿಡಬಹುದು' ಅಂತ ಕೆತ್ತಿದ್ದಾನೆ, ಎಷ್ಟು ಕಂಡರೆ ಕಂಡ ಹಾಗೆ ಅಂತ ಕೆತ್ತಲು ಅವನಿಗೆ ಉಳಿ ಸಾಲಲಿಲ್ಲವೋ ಪುರುಸೊತ್ತಿರಲಿಲ್ಲವೋ. ಅಂಥ ಕಡೆ ಜಗಳ ಹತ್ತುತ್ತದೆ, ಆಟಗಾರ ಹೆಗಲ ಮೇಲಿನ ಟವೆಲ್ ತೆಗೆದು ಹಲಗೆಯ ಅಂಚಿಗೆ ಹಾಕುತ್ತಾನೆ, ಮಧ್ಯಸ್ಥೆ ಒಂದು ಎಲೆಅಡಿಕೆ ಅಗಿದು ಮುಗಿಸುವಷ್ಟರಲ್ಲಿ ತೀರ್ಪು ಹೇಳಿ ಜಾಗಟೆ ಬಾರಿಸಬೇಕು. ಮಾರನೆಯ ಬೆಳಗಿನಿಂದ ಊರೂ ಆ ತೀರ್ಪಿನ ಹಾಗೇ ನಡೆಯುತ್ತದೆ. ಅದೇ ಪ್ರಶ್ನೆ ಹಲಗೆಯ ಮೇಲೆ ಮತ್ತೆ ಏಳುವವರೆಗೆ.

ನಮ್ಮಪ್ಪನ ಕಾಲದಲ್ಲಿ ದಾಳ ಮೇಜಿನಿಂದ ಕೆಳಗೆ ಬಿದ್ದರೆ ಏನು ಅಂತ ಪ್ರಶ್ನೆ ಬಂದಿತ್ತು. ಬಿದ್ದದ್ದು ಲೆಕ್ಕಕ್ಕಿಲ್ಲ, ಮತ್ತೆ ಕೈಗೆ ಬರಲಿ ಅಂದ. ಆಮೇಲೆ ಊರಿನಲ್ಲಿ ಕೈಜಾರಿ ಬಿದ್ದದ್ದೆಲ್ಲ ವಾಪಸ್ಸು ಕೈಗೆ ಬರುತ್ತಿತ್ತು. ಮಕ್ಕಳು ಹಾಲಿನ ಲೋಟ ಬೀಳಿಸಿ ಬೀಳಿಸಿ ಆಡಿದರು. ಮಡಕೆ ಮಾಡುವವರು ಮಾತ್ರ ವರ್ಷವಿಡೀ ನಮ್ಮಪ್ಪನಿಗೆ ಹಿಡಿಶಾಪ ಹಾಕಿದರು. ಇನ್ನೊಂದು ಸಲ ಕುದುರೆಯೂ ಸವಾರನೂ ಬೇರೆಯೋ ಒಂದೋ ಅಂತ ಬಂದಾಗ ಒಂದೇ ಅಂದುಬಿಟ್ಟ. ಮಾರನೇ ದಿನದಿಂದ ಸೈಕಲ್ ಹತ್ತಿದವನು ಇಳಿಯುವ ಹಾಗಿಲ್ಲ. ಹೋಟೆಲಿನೊಳಕ್ಕೂ ಸೈಕಲ್ಲೇ, ಮದುವೆ ಪಂಕ್ತಿಗೂ ಸೈಕಲ್ಲೇ. ಯಾರೂ ಇದು ಹೇಗೆ ಅಂತ ಕೇಳಲಿಲ್ಲ. ಪಂಕ್ತಿಯಲ್ಲಿ ಎಲೆಗೂ ಎಲೆಗೂ ಮಧ್ಯೆ ಅಂತರ ಎಷ್ಟು ಬಿಡಬೇಕು ಅಂತ ಚರ್ಚೆ ಮಾಡಿದರು.

ನನ್ನ ಮೊದಲ ದೊಡ್ಡ ತೀರ್ಪು ಹೋದ ವರ್ಷದ್ದು. ಕೆಳಬೀದಿಯ ಕಡೆ ಆಡುವವನು ಪರ್ವತಪ್ಪ, ಬಟ್ಟೆ ಅಂಗಡಿಯವನು, ನನಗಿಂತ ಚಿಕ್ಕವನು. ಮೇಲ್ಬೀದಿಯ ಕಡೆ ತಿಮ್ಮರಸಯ್ಯನವರು, ರಿಟೈರಾದ ಪೋಸ್ಟ್ ಮಾಸ್ಟರು. ಪರ್ವತಪ್ಪನ ಸೈನಿಕನೊಬ್ಬ ಗೋಡೆಯ ಮರೆಯಲ್ಲಿ ನಿಂತಿದ್ದ, ಅರ್ಧ ಮೈ ಆಚೆಗೆ ಕಾಣುತ್ತಿತ್ತು. ಕಂಡಿದೆ, ಹೊಡೆಯುತ್ತೇನೆ ಅಂತ ತಿಮ್ಮರಸಯ್ಯನವರು. ಅರ್ಧ ಮರೆಯಾದವನು ಪೂರ್ತಿ ಮರೆ ಅಂತ ಪರ್ವತಪ್ಪ. ಗಂಟಲು ಹರಿಯುವ ಹಾಗೆ ವಾದಿಸಿ ಟವೆಲ್ ಹಾಕಿದ. ನಾನು ಬಗ್ಗಿ ನೋಡಿದೆ. ಅರ್ಧವೇ ಇದ್ದ. ಮರೆ ಅಂತ ಒಂದನ್ನು ಯುದ್ಧದಲ್ಲಿ ಇಟ್ಟಮೇಲೆ ಅದಕ್ಕೆ ಏನಾದರೂ ಬೆಲೆ ಬೇಕಲ್ಲ, ಅರ್ಧ ಮರೆಯಾದರೆ ಕಾಣಲಿಲ್ಲ ಅಂತಲೇ ಅಂದೆ. ಅದು ಸರಿಯಾದ ತೀರ್ಪು. ಈಗಲೂ ಯಾರು ಬೇಕಾದರೂ ಬರಲಿ, ವಾದ ಮಾಡುತ್ತೇನೆ.

ಬೆಳಗಾದರೆ ಅಂಗಡಿಯವರೆಲ್ಲ ಮಾಯ. ಗಲ್ಲಾಪೆಟ್ಟಿಗೆಯ ಹಿಂದೆ ಅರ್ಧ ಮೈ ಮರೆಯಾಗಿತ್ತಲ್ಲ! ಟೈಲರು ಮಿಷನ್ನಿನ ಹಿಂದೆ ಮಾಯ, ಪೇಪರ್ ಅಗಲಿಸಿ ಓದುತ್ತಿದ್ದ ಮೇಷ್ಟರು ಪೇಪರಿನ ಹಿಂದೆ ಮಾಯ. ಗಂಡಸರು ಒಂದು ವಾರದೊಳಗೆ ಊರನ್ನೇ ರಿಪೇರಿ ಮಾಡಿಕೊಂಡರು. ಬಡಗಿಗೆ ಕೈತುಂಬ ಕೆಲಸ. ಕೌಂಟರುಗಳ ಕಾಲು ಕತ್ತರಿಸಿದರು, ಟೈಲರಿಗೆ ಕೂರಲು ಎತ್ತರದ ಕಟ್ಟೆ ಕಟ್ಟಿದರು, ಪರ್ವತಪ್ಪನಂತೂ ಅಂಗಡಿಯಲ್ಲಿ ಮೇಜಿನ ಮೇಲೇ ಹತ್ತಿ ಕೂತ. ಸರಿ, ಎಲ್ಲ ಕಾಣುವಂತಾಯಿತು, ಮುಗೀತು ಅಂದರು.

ಬಾಗಿಲ ಹಿಂದೆ ಯಾರಿದ್ದಾರೆ ಅಂತ ಯಾರಿಗೂ ಹೊಳೆಯಲಿಲ್ಲ. ನಮ್ಮೂರ ಹೆಂಗಸರು ಗಂಡಸರಿದ್ದ ಕಡೆ ನಿಲ್ಲುವುದೇ ಬಾಗಿಲ ಚೌಕಟ್ಟಿಗೆ ಆತುಕೊಂಡು, ಅರ್ಧ ಈಚೆ ಅರ್ಧ ಆಚೆ. ಊರಿಗೆ ಊರೇ ಹೆಂಗಸರು ಕಾಣದಾದರು. ನಗಬೇಡಿ, ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗಿದ್ದು ಹಬ್ಬ ಬಂದಮೇಲೆ. ಗೊತ್ತಾದವರೂ, ಕಾಫಿ ಬರುತ್ತಲ್ಲ, ಮತ್ತೇನು, ಅಂದುಕೊಂಡು ತೆಪ್ಪಗಾದರು.

ಹೆಂಗಸರು ಅತ್ತುಕೊಂಡು ಕೂತರೇ? ಎಲ್ಲಿಯ ಮಾತು! ಕಂಬದ ಹಿಂದೆ, ಗಾಡಿಯ ಹಿಂದೆ, ಮೊರ ಅಡ್ಡ ಹಿಡಿದುಕೊಂಡು ಊರೆಲ್ಲ ಸುತ್ತಿದರು. ಕಾಲಿಡದ ಕಡೆ ಕಾಲಿಟ್ಟರು. ಚಾವಡಿಯ ಕಂಬಗಳ ಹಿಂದೆ ನಿಂತು ಅಭ್ಯಾಸದ ಆಟಗಳನ್ನು ನೋಡಿ ನೋಡಿ, ಕೊನೆಗೆ, "ಅಯ್ಯೋ ಮಂಕೇ, ಕುದುರೆಯನ್ನ ಅಲ್ಲಿ ಇಡ್ತಾರೇನೋ" ಅಂತ ಕಂಬವೇ ಬೈಯುವ ಮಟ್ಟಕ್ಕೆ ಬಂತು. ಗಂಡಸರು ಕೇಳಿಸದವರ ಹಾಗೆ ಆಡಿಕೊಂಡು, ಮೆತ್ತಗೆ ಕುದುರೆಯನ್ನು ಬೇರೆ ಕಡೆ ಇಡುತ್ತಿದ್ದರು.

ಜಯಶೀಲ ನನ್ನ ಗಿರಣಿಗೆ ಬಂದು ಗುಟ್ಟು ಹೇಳಿದ್ದು ಆಗಲೇ. ಅವಳು ಪರ್ವತಪ್ಪನ ಹೆಂಡತಿ. ಮಗಳು ಮದುವೆಯಾಗಿ ಹೋದಮೇಲೆ ಮನೆಯಲ್ಲಿ ಇಬ್ಬರೇ. ಗೋಧಿ ಡಬ್ಬ ಇಳಿಸಿ, ಪೂರ್ತಿ ಕಾಣುವ ಹಾಗೆ ನಡುವಿಗೆ ಬಂದು ನಿಂತು ಕಿಸಕ್ಕನೆ ನಕ್ಕಳು.

"ಅಕ್ಕಾ, ಒಂದು ಆಟ ಹೂಡಿದೀನಿ. ಅವರು ಮನೇಲಿರೋವಾಗೆಲ್ಲ ನಾನು ಅಡುಗೆಮನೆ ಬಾಗಿಲ ಹಿಂದೇನೇ. ಯಾವತ್ತು 'ಎಲ್ಲಿದ್ದೀಯೆ' ಅಂತ ಕೇಳ್ತಾರೋ ಅವತ್ತು ಈಚೆ ಬರ್ತೀನಿ."

"ಎಷ್ಟು ದಿನ ಆಯ್ತೇ?"

"ಇನ್ನೂ ಕೇಳಿಲ್ಲ," ಅಂದಳು.

ನನಗೆ ಕುತೂಹಲ ಹುಟ್ಟಿದರೆ ಹೋಗಿ ನೋಡಿದ ಹೊರತು ಇಳಿಯುವುದಿಲ್ಲ. ಏನೋ ನೆಪ ಮಾಡಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಮನೆಗೆ ಹೋದೆ. ಪರ್ವತಪ್ಪ ಅಡುಗೆಮನೆ ಬಾಗಿಲ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ. ತಟ್ಟೆಯಲ್ಲಿ ಅವರೆಕಾಳನ್ನು ಸಾಲಾಗಿ ನಿಲ್ಲಿಸಿ, ಒಂದನ್ನು ಅತ್ತ ಒಂದನ್ನು ಇತ್ತ ಸರಿಸುತ್ತಿದ್ದ. "ಸಾರು" ಅಂದ. ಸೌಟೊಂದು ತನ್ನಷ್ಟಕ್ಕೆ ಬಂತು, ಸಾರು ಬಿತ್ತು, ಸೌಟು ಹೋಯಿತು. ಅವನು ತಲೆ ಎತ್ತಲಿಲ್ಲ. ಕೆಟ್ಟವನಲ್ಲ ಕಣ್ರೀ. ಕುಡಿಯಲ್ಲ, ಕೈ ಎತ್ತಲ್ಲ, ಮಗಳ ಮದುವೆ ಚೆನ್ನಾಗಿ ಮಾಡಿದ. ಅವರೆಕಾಳಿನ ಸೈನ್ಯ ಬಿಟ್ಟರೆ ಅವನಿಗೆ ಬೇರೆ ಏನೂ ಕಾಣುತ್ತಿರಲಿಲ್ಲ ಅಷ್ಟೆ.

ತಿಂಗಳುಗಳು ಉರುಳಿದವು. ಜಯಶೀಲಳ ನಗು ಸಣ್ಣಗಾಗುತ್ತ ಬಂತು. ಮೊದಮೊದಲು ಬಂದು ಕಥೆ ಹೇಳಿ ನಗಿಸುತ್ತಿದ್ದಳು, "ನಿನ್ನೆ ನನ್ನ ಸೀರೆ ಸೆರಗಿಗೇ ಕೈ ಒರೆಸಿಕೊಂಡ್ರು ಅಕ್ಕಾ, ಟವೆಲ್ ಅಂದ್ಕೊಂಡು" ಅಂತ. ಆಮೇಲೆ ಸುಮ್ಮನೆ ಡಬ್ಬ ಇಟ್ಟು ಹಿಟ್ಟು ಬೀಳುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಒಂದು ದಿನ ನಾನು ಮಿಷನ್ ನಿಲ್ಲಿಸಿದೆ.

"ಸಾಕು ಈಚೆ ಬಾರೇ," ಅಂದೆ. "ಹೋಗಿ ಎದುರಿಗೆ ನಿಂತು ಉಗಿ."

"ಈಚೆ ಬಂದ್ರೆ ಕಾಣ್ತೀನಿ, ಅದು ನನಗೂ ಗೊತ್ತು. ನಾನಾಗಿ ಕಂಡ್ರೆ ಏನು ಬಂತು ಅಕ್ಕಾ?" ಹಿಟ್ಟಿನ ಡಬ್ಬದ ಮುಚ್ಚಳ ಒತ್ತಿ ಒತ್ತಿ ಹಾಕಿದಳು. "ಈ ಸಲದ ಕಾಳಗ ಮುಗಿಯೋವರೆಗೆ ನೋಡ್ತೀನಿ. ಅಷ್ಟರಲ್ಲೂ ಕೇಳದಿದ್ರೆ ನಮ್ಮಕ್ಕನ ಊರಿಗೆ ಹೋಗ್ತೀನಿ. ಅವಳ ಖಾನಾವಳಿಗೆ ಕೈ ಬೇಕಂತೆ. ತಮಾಷೆಗೆ ಹೇಳ್ತಿಲ್ಲ."

ತಮಾಷೆಯಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಊರಿನಲ್ಲಿ ನನಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಅವಳೊಬ್ಬಳು. ಅವಳು ಹೋದರೆ ನಾನು ಗಿರಣಿ ಮಿಷನ್ನಿನ ಜೊತೆ ಮಾತಾಡಬೇಕಿತ್ತು.

ಕಾಳಗದ ದಿನ ಚಾವಡಿ ತುಂಬಿತ್ತು. ಕಣ್ಣಿಗೆ ಕಂಡ ಜನ ಅರ್ಧ, ಕಂಬಗಳ ಹಿಂದೆ ಗುಸುಗುಸು ಅರ್ಧ. ಬೆಳಗಿನಿಂದ ಆಡಿ ಆಡಿ ಮಧ್ಯಾಹ್ನ ದಾಟಿತ್ತು. ಪರ್ವತಪ್ಪ ಚೆನ್ನಾಗೇ ಆಡಿದ್ದ. ಅವನ ಬಿಲ್ಲುಗಾರನೊಬ್ಬ ಗುಡ್ಡ ಹತ್ತಿದ್ದ, ತಿಮ್ಮರಸಯ್ಯನವರ ದಂಡನಾಯಕ ಬಂಡೆಯ ಹಿಂದೆ ಸೇರಿಕೊಂಡಿದ್ದ, ಪೇಟದ ತುರಾಯಿಯೂ ಒಂದು ಭುಜವೂ ಬಂಡೆಯಾಚೆ ಇಣುಕುತ್ತಿದ್ದವು. ಬಾಣ ಬಿಟ್ಟರೆ ಆಟ ಕೆಳಬೀದಿಯದು.

"ಕಂಡಿದೆ, ಹೊಡೀತೀನಿ," ಅಂದ ಪರ್ವತಪ್ಪ.

ತಿಮ್ಮರಸಯ್ಯನವರು ಕನ್ನಡಕ ತೆಗೆದು ನಕ್ಕರು. "ಎಲೈ ಪರ್ವತಪ್ಪ, ಹೋದ ವರ್ಷ ಏನಯ್ಯ ಹೇಳಿದ್ದೆ? ಅರ್ಧ ಮರೆಯಾದೋನು ಪೂರ್ತಿ ಮರೆ ಅಂತ ಊರು ಹಾರಿಹೋಗೋ ಹಾಗೆ ಕಿರುಚಿದ್ದೆಯಲ್ಲ?"

"ಹೋದ ವರ್ಷದ್ದು ಹೋದ ವರ್ಷಕ್ಕಾಯ್ತು ಸ್ವಾಮಿ. ಕಣ್ಣಿಗೆ ಕಾಣೋದನ್ನ ಕಾಣಲ್ಲ ಅಂದ್ರೆ ದೇವರು ಮೆಚ್ತಾನಾ?" ಅಂದು ಟವೆಲ್ ತೆಗೆದು ಹಲಗೆಯ ಅಂಚಿಗೆ ಹಾಕಿಯೇಬಿಟ್ಟ.

ಪ್ರಶ್ನೆ ಮತ್ತೆ ಎದ್ದಿತು. ನಾನು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡು ಮಂಡಿಯೂರಿದೆ. ಹಿಂದಿನ ಕಂಬದಿಂದ ಪಿಸುಮಾತು: "ಬದಲಾಯಿಸಬೇಡ ಕಣೇ ಚೆಲುವಿ, ಹೀಗೇ ಚೆನ್ನಾಗಿದೀವಿ." ಪಕ್ಕದ ಕಂಬದಿಂದ ಇನ್ನೊಂದು: "ಸಾಕಮ್ಮ ಈ ಕಣ್ಣುಮುಚ್ಚಾಲೆ, ಬದಲಾಯಿಸು." ಎಡಗಡೆಯ ಕಂಬದಿಂದ ಜಯಶೀಲಳ ದನಿ, ತೀರಾ ಮೆಲ್ಲಗೆ. "ನನ್ನನ್ನ ನೆನೆಸ್ಕೊಂಡು ಏನೂ ಹೇಳಬೇಡ ಅಕ್ಕಾ. ಆಟ ನೋಡಿ ಹೇಳು."

ನಿಜ ಹೇಳುತ್ತೇನೆ, ನನ್ನ ಮನಸ್ಸು ಜಾರಿತ್ತು. ತುದಿ ಕಂಡರೂ ಕಂಡ ಹಾಗೇ ಅಂದುಬಿಟ್ಟರೆ ನಾಳೆಯಿಂದ ಅವಳು ಬಾಗಿಲ ಹಿಂದಿದ್ದರೂ ಅವನ ಕಣ್ಣಿಗೆ ಬೀಳುತ್ತಾಳೆ, ಊರು ಬಿಡುವ ಮಾತು ನಿಲ್ಲುತ್ತದೆ. ನನ್ನ ಜೊತೆಗಾತಿ ನನಗೆ ಉಳಿಯುತ್ತಾಳೆ. ಆದರೆ ಹಾಗೆ ನನಗೆ ಬೇಕಾದ ಹಾಗೆ ಹೇಳುವುದಕ್ಕೆ ಮಧ್ಯಸ್ಥೆ ಯಾಕೆ, ಜಾಗಟೆಯನ್ನು ಯಾರ ಕೈಗೆ ಬೇಕಾದರೂ ಕೊಡಬಹುದು. ಗದ್ದ ಹಲಗೆಗೆ ಊರಿ ಬಿಲ್ಲುಗಾರನ ಬೆನ್ನ ಹಿಂದಿನಿಂದ ನೋಡಿದೆ. ತುರಾಯಿ ಕಂಡಿತು. ಭುಜ ಕಂಡಿತು. ಎಲೆ ಅರ್ಧ ಅಗಿದಿದ್ದೆ.

ಆಗ ಒಂದು ವಿಷಯ ಗಮನಕ್ಕೆ ಬಂತು. ತುರಾಯಿಯನ್ನು ನಾನು ಬಿಲ್ಲುಗಾರನ ಕಿವಿಯ ಮೇಲಿನಿಂದ ನೋಡುತ್ತಿದ್ದೆ. ಅವನ ಮೂಗು ಬೇರೆ ಕಡೆಗಿತ್ತು. ಆ ಗೊಂಬೆ ಮಾಡಿದವನು ಕತ್ತನ್ನು ಹೊಳೆಯ ಕಡೆಗೆ ತಿರುಗಿಸಿ ಕೆತ್ತಿದ್ದ, ಅವನನ್ನು ಗುಡ್ಡದ ಮೇಲೆ ಇಟ್ಟ ರೀತಿಗೆ ಬಂಡೆ ಅವನ ಪಕ್ಕಕ್ಕೆ ಬಿದ್ದಿತ್ತು. ಇಷ್ಟು ಕಾಲ ನಾವೆಲ್ಲ, ನಮ್ಮಪ್ಪನೂ ಸೇರಿ, ಎದುರಿನವನು ಎಷ್ಟು ಕಾಣುತ್ತಾನೆ ಅಂತ ಅಳೆದಿದ್ದೇ ಅಳೆದಿದ್ದು. ಅಳೆದದ್ದೆಲ್ಲ ನಮ್ಮ ಕಣ್ಣಿನಲ್ಲಿ. ಬಾಣ ಬಿಡುವವನು ಎತ್ತ ನೋಡುತ್ತಿದ್ದಾನೆ ಅಂತ ಒಬ್ಬರೂ ನೋಡಿರಲಿಲ್ಲ! ಜಯಶೀಲ, ಪರ್ವತಪ್ಪ, ಊರು, ಎಲ್ಲ ಆ ಗಳಿಗೆ ಮರೆತೇ ಹೋಯಿತು. ಅಂಚಿನ ಕೆತ್ತನೆಯನ್ನು ಇನ್ನೊಮ್ಮೆ ಓದಿದೆ. ಕಂಡವನಿಗೆ ಅಂದಮೇಲೆ ಕಾಣುವವನೊಬ್ಬ ಇರಬೇಕಲ್ಲ.

ಎದ್ದು ಎಲೆ ಉಗುಳಿ ಬಂದು ಹೇಳಿದೆ. "ಬಾಣ ಬಿಡೋನ ಮುಖ ಎತ್ತ ಇದೆಯೋ ಅತ್ತ ತುದಿ ಕಂಡ್ರೂ ಕಂಡ ಹಾಗೆ, ಮರೆಗಿರೆ ಲೆಕ್ಕ ಇಲ್ಲ. ಮುಖ ಅತ್ತ ತಿರುಗಿಸಿಲ್ಲವೋ, ಎದುರಾಳಿ ಬಟ್ಟಬಯಲಲ್ಲಿ ನಿಂತಿದ್ರೂ ಕಂಡಿಲ್ಲ. ಈ ಬಿಲ್ಲುಗಾರ ಹೊಳೆ ನೋಡ್ತಿದ್ದಾನೆ. ಹೊಡೆಯೋ ಹಾಗಿಲ್ಲ."

"ಏನು ಚೆಲುವಕ್ಕ ನೀವು ಹೇಳೋದು!" ಪರ್ವತಪ್ಪನಿಗೆ ಕೆಂಡದಂಥ ಕೋಪ. "ಮರದ ಗೊಂಬೆ ಎಲ್ಲಾದ್ರೂ ನೋಡುತ್ತಾ? ನೋಡೋನು ನಾನು!"

"ನೀನು ನೋಡೋನೇನಯ್ಯ?" ಬಾಯಿಗೆ ಬಂದೇ ಬಂತು. ಮುಂದಿನದನ್ನು ನುಂಗಿಕೊಂಡು ಜಾಗಟೆ ಬಾರಿಸಿದೆ.

ತಿಮ್ಮರಸಯ್ಯನವರು ಮುಂದಿನ ದಾಳಕ್ಕೇ ಆಟ ಮುಗಿಸಿದರು. ಪರ್ವತಪ್ಪ ಟವೆಲ್ ಕೊಡವಿಕೊಂಡು ಯಾರನ್ನೂ ಮಾತಾಡಿಸದೆ ಮನೆಗೆ ಹೋದ.

ಬೆಳಗ್ಗೆ ಬೀದಿಗೆ ಬಂದರೆ ಒಬ್ಬರಿಗೊಬ್ಬರು ಡಿಕ್ಕಿ. ಮುಖ ಪೂರ್ತಿ ತಿರುಗಿಸಿದರೆ ಮಾತ್ರ ಕಾಣುತ್ತದೆ, ಇಲ್ಲದಿದ್ದರೆ ಪಕ್ಕದಲ್ಲಿ ಬಂದ ಎಮ್ಮೆಯೂ ಕಾಣುವುದಿಲ್ಲ. ಓರೆಗಣ್ಣಿನಲ್ಲಿ ಊರ ಸುದ್ದಿ ಹೆಕ್ಕುತ್ತಿದ್ದವರ ಪಾಡು ಕೇಳಬೇಡಿ. ಜಗಲಿಯ ಮೇಲೆ ಕೂತ ಮುದುಕಿಯರು ಈಗ ಹೋಗುವವರ ಕಡೆಗೆ ಇಡೀ ಮುಖ ತಿರುಗಿಸಿ, ನೋಡುತ್ತಿದ್ದೇವೆ ಅಂತ ಒಪ್ಪಿಕೊಂಡೇ ನೋಡಬೇಕಾಗಿತ್ತು. ಬಾಗಿಲುಗಳಲ್ಲಿ ಹೆಂಗಸರು ಮತ್ತೆ ಕಂಡರು, ನೋಡಿದವರಿಗೆ.

ನಾನು ನೇರ ಪರ್ವತಪ್ಪನ ಮನೆಗೆ ಹೋದೆ. ಅವನು ನಡುಮನೆಯಲ್ಲಿ ಬೀದಿಬಾಗಿಲಿಗೆ ಮುಖ ಮಾಡಿ ಕೂತಿದ್ದ. ಬಾಗಿಲಲ್ಲಿ ನಿಂತ ನಾನು ಅವನಿಗೆ ಕಂಡೆ. ಅವನ ಪಕ್ಕದಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಕಂಬ ಬಾಗಿಲು ಒಂದೂ ಅಡ್ಡ ಇಲ್ಲದೆ, ಜಯಶೀಲ ನಿಂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಕೈಯಲ್ಲಿ ಬಟ್ಟೆಯ ಚೀಲ.

"ತೀರ್ಪು ಸರಿಯಿಲ್ಲ ಚೆಲುವಕ್ಕ," ಅಂತ ಶುರುಮಾಡಿದ. "ನಿಮ್ಮಪ್ಪ ಆಗಿದ್ರೆ ಹೀಗೆ ಹೇಳ್ತಿರಲಿಲ್ಲ. ಬನ್ನಿ, ಕೂತ್ಕೊಳಿ. ಲೇ, ಎರಡು ಲೋಟ ಕಾಫಿ ತಾರೇ."

ಕಾಫಿ ಬರಲಿಲ್ಲ. ಅವನು ಗಮನಿಸದೆ ಬಿಲ್ಲುಗಾರನ ವಿಷಯಕ್ಕೇ ಹೋದ. ನನ್ನ ನಾಲಿಗೆ ತುದಿಗೆ ಬಂದಿತ್ತು, ತಿರುಗೋ ಪುಣ್ಯಾತ್ಮ, ಒಂದು ಗೇಣು ತಿರುಗು, ಅಂತ. ಆಟಗಾರನಿಗೆ ಮಧ್ಯಸ್ಥೆ ದಾರಿ ತೋರಿಸಬಾರದು. ಅಷ್ಟೇ ಅಲ್ಲ, ಜಯಶೀಲ ನನ್ನನ್ನೇ ನೋಡುತ್ತಿದ್ದಳು. ಬೇಡ ಅಂತ ತಲೆ ಅಲ್ಲಾಡಿಸಿದಳು. ಬಾಯಿ ಬಿಗಿಹಿಡಿದುಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಅವನು ತಿರುಗುತ್ತಾನೇನೋ ಅಂತ ನೋಡಿದಳು. ಆಮೇಲೆ ಚೀಲ ಸರಿಮಾಡಿಕೊಂಡು ಹೊರಟಳು. ಬೀದಿಬಾಗಿಲಿಗೆ ಬರಬೇಕಾದರೆ ಅವನ ಎದುರಿನಿಂದಲೇ ಬರಬೇಕು. ಮಾತಾಡುತ್ತಿದ್ದವನ ಮುಖದ ಮುಂದೆ ಹಾದಳು.

ಪರ್ವತಪ್ಪನ ಮಾತು ನಿಂತಿತು. ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ, ತಲೆಯ ಹತ್ತಿರ ಬಂದು ಕಣ್ಣು ನಿಂತಿತು.

"ನಿನ್ನ ಕೂದಲು..." ಅಂದ. "ಯಾವಾಗ ಬೆಳ್ಳಗಾಯ್ತು?"

"ನೀವು ಆನೆ ಪಡೆ ಕಟ್ಟಿ ಗೆದ್ದಿರಲ್ಲ, ಆ ವರ್ಷ," ಅಂದಳು ಜಯಶೀಲ.

ಆನೆ ಪಡೆಯ ಆಟಕ್ಕೆ ನಮ್ಮಪ್ಪ ಮಧ್ಯಸ್ಥನಾಗಿದ್ದ. ಆಗ ನಮ್ಮೂರಿನಲ್ಲಿ ಎಲ್ಲರೂ ಎಲ್ಲರಿಗೂ ಕಾಣುತ್ತಿದ್ದರು.

ಅವಳು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಳು. ನಾನು ದಾರಿ ಬಿಟ್ಟೆ. ಪರ್ವತಪ್ಪ ಎದ್ದ. ಚಪ್ಪಲಿ ಬಾಗಿಲ ಬಲಕ್ಕೆ ಇತ್ತು, ಅದಕ್ಕಾಗಿ ಮುಖ ತಿರುಗಿಸಿದರೆ ಅವಳು ಇಲ್ಲವಾಗುತ್ತಾಳೆ. ತಿರುಗಿಸಲಿಲ್ಲ. ಬರಿಗಾಲಲ್ಲೇ ಅವಳ ಹಿಂದೆ ನಡೆದ. ನೆಲ ನೋಡುವ ಹಾಗಿಲ್ಲವಲ್ಲ, ಚರಂಡಿಗೆ ಕಾಲು ಹಾಕಿದ, ಕಲ್ಲು ಎಡವಿ ಹೆಬ್ಬೆರಳು ಒಡೆದುಕೊಂಡ, ಒಂದು ಹಸುವಿಗೆ ಹಾಯ್ದುಕೊಂಡ. ಜಗಲಿಗಳ ಮೇಲಿನವರು ಮುಖ ತಿರುಗಿಸಿ ನಕ್ಕರು. ಕರೆಯುವ ಹಕ್ಕಿಲ್ಲ ಅನ್ನಿಸಿತೋ ಏನೋ, ಕರೆಯಲಿಲ್ಲ. ಅವಳು ತಿರುಗಿ ನೋಡದೆ ಹೋಗುತ್ತಿದ್ದಳು. ನಾನು ಗಿರಣಿ ಬಾಗಿಲು ತೆಗೆಯುವುದನ್ನೂ ಮರೆತು ಇಬ್ಬರ ಹಿಂದೆ ಓಡಿದೆ.

ಬಸ್ಸು ಹೊರಡಲು ಗುರುಗುಟ್ಟುತ್ತ ನಿಂತಿತ್ತು. ಜಯಶೀಲ ಹತ್ತಿ ಕೊನೆಯ ಸೀಟಿನಲ್ಲಿ ಕೂತಳು, ನಾನು ಕೆಳಗೆ ಕಿಟಕಿಯ ಹತ್ತಿರ ನಿಂತೆ. ಇವನೂ ಹತ್ತಿ ಪಕ್ಕದಲ್ಲಿ ಕೂತು, ಕತ್ತು ಪೂರ್ತಿ ತಿರುಗಿಸಿ, ರೆಪ್ಪೆ ಹೊಡೆಯಲೂ ಹೆದರಿಕೊಂಡು ಅವಳನ್ನೇ ನೋಡಿದ. ಕಂಡಕ್ಟರು ಬಂದ. ಇವನ ಜೇಬಿನಲ್ಲಿ ಏನಿರಬೇಕು, ಮನೆಯ ಬನಿಯನ್ನಿನಲ್ಲೇ ಬಂದಿದ್ದಾನೆ. ಜಯಶೀಲ ಆಗ ತಿರುಗಿದಳು. ರಕ್ತ ಸುರಿಯುವ ಕಾಲು, ಕೆಸರಾದ ಪಂಚೆ, ಆಮೇಲೆ ಮುಖ. ಬಹಳ ಹೊತ್ತು ನೋಡಿದಳು, ಕಂಡಕ್ಟರು ಟಿಕೆಟ್ ಮಿಷನ್ ಹಿಡಿದುಕೊಂಡು ಕಾದ.

"ಎರಡು ಕೊಡಪ್ಪ," ಅಂದಳು.

ಬಸ್ಸು ಹೊರಟಿತು. ನಮ್ಮ ತೀರ್ಪುಗಳೆಲ್ಲ ಊರಾಚೆಯ ಮೋರಿಯವರೆಗೆ ಮಾತ್ರ. ಅದರಾಚೆ ಬೇರೆ ಊರುಗಳಲ್ಲಿರುವ ಹಾಗೇ, ಕತ್ತು ತಿರುಗಿಸದಿದ್ದರೂ ಪಕ್ಕದಲ್ಲಿದ್ದವರು ಪಕ್ಕದಲ್ಲೇ ಇರುತ್ತಾರೆ, ಮುಂದೆ ನೋಡಿಕೊಂಡು ಆರಾಮಾಗಿ ಹೋಗಬಹುದು. ನಾನು ರಸ್ತೆಯ ನಡುವೆ ನಿಂತು, ಮುಖ ನೇರ ಅತ್ತಲೇ ಇಟ್ಟು ನೋಡಿದೆ. ಬಸ್ಸಿನ ಹಿಂದಿನ ಗಾಜಿನಲ್ಲಿ ಅವನ ತಲೆ ಸಣ್ಣದಾಗಿ ಕಾಣುತ್ತಿತ್ತು, ಪಕ್ಕಕ್ಕೆ ತಿರುಗಿಕೊಂಡು. ಮೋರಿ ಬಂತು. ಬಸ್ಸು ಅದನ್ನು ದಾಟಿ ಎಷ್ಟೋ ದೂರ ಹೋಯಿತು. ಅವನ ತಲೆ ಇನ್ನೂ ಅವಳ ಕಡೆಗೇ ಇತ್ತು.